ಒಂದೇ ಶಠಾರಿ

ದರಿಯಾ ದೌಲತ್ತಿನ ತೋಟದಲ್ಲಿ ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ. ಟಿಕೆಟ್ಟು ಹರಿದುಕೊಟ್ಟವನು ಕೇಳಲಿಲ್ಲ, ಗೋಡೆಯ ಮೇಲೆ ಯುದ್ಧ ಮಾಡುತ್ತಿದ್ದ ಬಣ್ಣದ ಸಿಪಾಯಿಗಳೂ ಕೇಳಲಿಲ್ಲ. ಹಳೆಯ ಸೆರೆಮನೆಯ ಕಮಾನಿನ ಕೆಳಗೆ ಊರಿನವರೆಲ್ಲ ಒಟ್ಟಿಗೇ ತಲೆ ತಗ್ಗಿಸಿ ನಡೆದರು. ಹೊಣಕೆರೆ ಕಡೆಯ ಒಂದು ಹಳ್ಳಿಯ ಡೈರಿಯಿಂದ ತೊಂಬತ್ತಾರರ ಜನವರಿಯಲ್ಲಿ ಹೊರಟಿದ್ದ ಆ ಪ್ರವಾಸದ ವ್ಯಾನು ಶ್ರೀರಂಗಪಟ್ಟಣದ ರಂಗನಾಥನ ಗುಡಿಯ ಮುಂದೆ ನಿಂತಾಗ ಮಾತ್ರ, ಡೈರಿಯ ಅಧ್ಯಕ್ಷ ಹೊನ್ನಪ್ಪ ಹಿಂದಿನ ಸೀಟಿನ ಕಡೆ ತಿರುಗಿದ.

"ಲೇ ಚಲುವಯ್ಯ, ನೀನೂ ನಿನ್ ಎಂಡ್ರೂ ಮಗಳೂ ಇಲ್ಲೇ ಕುಂತ್ಕಂಡು ಎಲ್ಲಾರ್ ಚಪ್ಪಲಿ ನೋಡ್ಕಳಿ. ಪಟ್ಣ ಕಣ್ಲಾ, ಕಳ್ಳರು ಜಾಸ್ತಿ."

ಹೇಳಿದ್ದು ಚಪ್ಪಲಿಯ ವಿಷಯ. ಅರ್ಥ ಎಲ್ಲರಿಗೂ ಆಯಿತು. ಊರಿನ ಆಂಜನೇಯನ ಗುಡಿಯ ಹೊಸ್ತಿಲನ್ನು ಚಲುವಯ್ಯನ ಕೇರಿಯವರು ಯಾವತ್ತೂ ದಾಟಿರಲಿಲ್ಲ. ದಾಟುವ ಮಾತೆತ್ತಿದ್ದ ಅದೇ ಕೇರಿಯ ಸೋಮಯ್ಯನ ಹಾಲನ್ನು "ನೀರಾಲು" ಎಂದು ಹೊನ್ನಪ್ಪ ಡೈರಿಯ ಬಾಗಿಲಲ್ಲೇ ಚರಂಡಿಗೆ ಚೆಲ್ಲಿಸಿದ್ದ. ಚಲುವಯ್ಯನ ಒಲೆ ಉರಿಯುತ್ತಿದ್ದದ್ದೂ ಒಂದೇ ಒಂದು ಹಸುವಿನ ಹಾಲಿನಿಂದ.

ಅವನು ಚಪ್ಪಲಿಗಳ ನಡುವೆ ಕುಳಿತ.

"ನಾನು ಕಾಯಕಿಲ್ಲ," ಅಂದಳು ಸಂಘಮಿತ್ರಾ. ನಾಗಮಂಗಲದಲ್ಲಿ ಬಿ.ಎ. ಓದುತ್ತಿದ್ದ ಮಗಳು.

"ನೀನ್ ದೇವ್ರೇ ಇಲ್ಲ ಅಂತೀಯಲ್ಲ ಕೂಸೇ, ಒಳಿಕ್ಕೋಗಿ ಏನ್ ಮಾಡೀಯೆ?" ಅಂದ ಚಲುವಯ್ಯ.

"ಇಲ್ಲ ಅಂತ ನೋಡಕ್ಕೂ ಒಳಿಕ್ಕೋಗ್ಬೇಕಲ್ಲಪ್ಪೋ!"

ಅವನ ಹೆಂಡತಿ ಚಲುವಮ್ಮನಿಗೆ ನಗು ಬಂತು. ನಗುತ್ತಲೇ ಸೆರಗು ಕೊಡವಿ ಎದ್ದಳು.

"ಅಮ್ಮೀ, ಬ್ಯಾಡ ಕಣೆ. ನಾಳೀಕೆ ಹಾಲು ಎಲ್ಲಿಗಾಕೀಯೆ?" ಗಂಡ ಅವಳ ಸೆರಗು ಜಗ್ಗಿದ.

"ಊರಲ್ಲಿ ನಿಂತಿರೋನ್ನ ನೋಡಕ್ ಬುಡ್ಲಿಲ್ಲ. ಇಲ್ಲಿ ಮಲ್ಗಿರೋನ್ನಾದ್ರೂ ಒಸಿ ನೋಡ್ಕಂಡ್ ಬತ್ತೀನಿ ಬುಡು."

ಹೊನ್ನಪ್ಪ ತುಳಸಿಹಾರದ ಅಂಗಡಿಯ ಮುಂದೆ ಚೌಕಾಸಿಗೆ ನಿಂತಿದ್ದ. ಊರಿನವರು ಅವನನ್ನು ಬಿಟ್ಟು ಮುಂದೆ ಹೋಗುವವರಲ್ಲ. ಹೀಗಾಗಿ ತಾಯಿ ಮಗಳು ಮೊದಲೇ ಒಳಗೆ ಸೇರಿದರು. ಕಬ್ಬಿಣದ ಕಂಬಿಗಳ ನಡುವಿನ ಸಾಲು, ಒಬ್ಬರ ಹಿಂದೆ ಒಬ್ಬರು ಮಾತ್ರ ನಿಲ್ಲುವಷ್ಟು ಜಾಗ. ಮಗಳ ಬೆನ್ನ ಹಿಂದೆ ಪರಿಚಿತ ಕೆಮ್ಮು ಕೇಳಿತು.

"ಏನಮ್ಮಿ ಇದು?" ಹೊನ್ನಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ಇವತ್ತಿಲ್ಲಿ, ನಾಳೀಕೆ ಊರ ಗುಡೀಗೆ. ಅಂಗೇ ತಾನೆ? ವಾಪಸ್ ನಡಿ."

ಅವನ ಹಿಂದೆ ಅವನ ತಾಯಿ ಚಿಕ್ಕಬೋರಮ್ಮ, ಅವಳ ಹಿಂದೆ ಇಡೀ ವ್ಯಾನು.

ಚಲುವಮ್ಮ ತಿರುಗಿ ಆ ಸಾಲನ್ನು ನೋಡಿದಳು. "ಓಯ್ತೀನಿ ಬುದ್ದಿ. ಆದ್ರೆ ಇದ್ರಾಗೆ ವಾಪಸ್ ಓಗ್ಬೇಕಂದ್ರೆ ನಿಮ್ಮನ್ನೆಲ್ಲ ಮುಟ್ಕಂಡೇ ಓಗ್ಬೇಕಲ್ಲ?"

ಹೊನ್ನಪ್ಪ ಅರ್ಧ ಹೆಜ್ಜೆ ಹಿಂದೆ ಸರಿದ. ಸಾಲು ಮುಂದೆ ಸರಿಯಿತು.

ಎಣ್ಣೆದೀಪದ ಬೆಳಕಿನಲ್ಲಿ ಹಾವಿನ ಮೇಲೆ ಮಲಗಿದ್ದ ದೇವರು ಕಂಡ. ಕ್ಯಾಲೆಂಡರಿನಲ್ಲಿದ್ದಂತೆ ನೀಲಿಯಲ್ಲ, ಕಪ್ಪು. ತನ್ನ ಬಣ್ಣದವನೇ ಅನ್ನಿಸಿತು ಅವಳಿಗೆ. ಅರ್ಚಕರು ತೀರ್ಥ ಕೊಟ್ಟು, ದೇವರ ಪಾದವಿರುವ ಬೆಳ್ಳಿಯ ಶಠಾರಿಯನ್ನು ಅವಳ ತಲೆಯ ಮೇಲಿಟ್ಟು ತೆಗೆದರು. ಸಂಘಮಿತ್ರಾ ಕೈಮುಗಿಯಲಿಲ್ಲ. ಅವರು ಅವಳ ತಲೆಗೂ ಮುಟ್ಟಿಸಿದರು.

ಅದೇ ಶಠಾರಿ ಹೊನ್ನಪ್ಪನ ಕಡೆ ಬಂತು.

ಅವನ ಕುತ್ತಿಗೆ ಬಗ್ಗಲಿಲ್ಲ. ಬೆಳ್ಳಿಯ ಬಟ್ಟಲು ಅವನ ಹಣೆಯ ಮುಂದೆ ಗಾಳಿಯಲ್ಲಿ ನಿಂತಿತು. ಊರೆಲ್ಲ ಉಸಿರು ಹಿಡಿದು ನೋಡುತ್ತಿತ್ತು.

"ತಲೆ ಬಗ್ಗಿಸಿ," ಅಂದರು ಅರ್ಚಕರು.

"ಬ್ಯಾಡಿ."

"ದೇವರ ಪಾದ ಬೇಡವೇನ್ರೀ?"

ಯಾಕೆ ಬೇಡವೆಂದು ಹೇಳಬೇಕಿತ್ತು. ಊರಿನ ಕಟ್ಟೆಯ ಮೇಲಾಗಿದ್ದರೆ ಕೂಗಿ ಹೇಳುತ್ತಿದ್ದ. ಪರಸ್ಥಳದಲ್ಲಿ, ನೂರು ಜನ ಅಪರಿಚಿತರ ಮುಂದೆ, ಕಂಬದ ಪಕ್ಕದಲ್ಲೊಬ್ಬ ಪೊಲೀಸಿನವನಿರುವಾಗ, ಅದು ಬಾಯಿಗೆ ಬರುವ ಮಾತಾಗಿರಲಿಲ್ಲ. ಹೊನ್ನಪ್ಪ ಪಕ್ಕಕ್ಕೆ ಸರಿದು ಬಿರಬಿರನೆ ನಡೆದುಬಿಟ್ಟ.

"ಅವನ್ಗೆ ಬ್ಯಾಡಾದ್ರೆ ಬುಡಿ ಸ್ವಾಮಿ, ನಂಗಿಡಿ. ನಾನು ಸಾಯೋ ಮುದುಕಿ," ಅಂತ ಚಿಕ್ಕಬೋರಮ್ಮ ತಲೆಯೊಡ್ಡಿದಳು. ಅವಳ ಹಿಂದಿನವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿದರು.

ಹೊರಗೆ ಹೊನ್ನಪ್ಪ ಕೆಂಡವಾಗಿದ್ದ. ತಾಯಿಯನ್ನು ಬೈಯಲಾರ. ಸಿಕ್ಕವನು ಚಲುವಯ್ಯ.

"ನಿಯತ್ತಿರೋನು ನೀನೊಬ್ನೇ. ನೀನು ವ್ಯಾನ್ ಅತ್ತು. ಇವ್ರಿಬ್ರೂ ಎಂಗಾದ್ರೂ ಸಾಯ್ಲಿ. ಇವ್ರು ಇನ್ನೊಂದ್ ಮಾತಾಡುದ್ರೆ ನಾಳೆಯಿಂದ ನಿನ್ನಾಲು ಬ್ಯಾಡ."

ಹೆಂಡತಿ ಮಗಳು ಬಿಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಇಬ್ಬರೂ ಅವನನ್ನು ಕರೆಯಲಿಲ್ಲ. ವ್ಯಾನಿನ ಬಾಗಿಲು ತೆರೆದೇ ಇತ್ತು. ಊರಿನವರು ಒಬ್ಬೊಬ್ಬರಾಗಿ ಹತ್ತಿ ಕೂತರು. ಡ್ರೈವರು ಇಂಜಿನ್ನು ಶುರು ಮಾಡಿದ.

ಚಲುವಯ್ಯ ಮಂಡಿಯ ಮೇಲೆ ಕೈಯೂರಿ ಎದ್ದ. ಎದ್ದವನು ವ್ಯಾನಿಗೆ ಬೆನ್ನು ಹಾಕಿದ.

"ಲೇ!"

"ನೀವು ಓಗಿ ಬುದ್ದಿ. ನಾವು ಪಾಂಡವಪುರದ ಬಸ್ಸಿಗ್ ಬತ್ತೀವಿ."

ಮೂವರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬೆಳ್ಳಿ ಮುಟ್ಟಿದ ಬೈತಲೆ ಇನ್ನೂ ತಣ್ಣಗಿದ್ದಂತೆನಿಸಿ ಚಲುವಮ್ಮ ತಲೆ ಮುಟ್ಟಿ ನೋಡಿಕೊಂಡಳು.

"ನಾಳೀಕೆ ಹಾಲು?" ಕೇಳಿದಳು.

"ಡೈರಿಗೇ," ಅಂದ ಚಲುವಯ್ಯ. "ಕೇರಿಯವ್ರನ್ನೆಲ್ಲ ಕರ್ಕಂಡೋಗಾನ. ಚೆಲ್ಲೋದಾದ್ರೆ ಅಷ್ಟೂ ಜನದ ಕಣ್ಮುಂದೆ ಚೆಲ್ಲಲಿ."