ಗಜಾಲ್-4ಕ್ಕೆ ಬೇಕಾದ ನಾಲ್ಕು ಜನ

"ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಗಜಾಲ್-4 ಮಾದರಿಯ ಫೋನಿನಲ್ಲಿ ಬ್ಯಾಟರಿ ಚಿತ್ರದ ಬಣ್ಣವು ಕಡು ಹಸಿರಿನಿಂದ ತಿಳಿ ಹಸಿರಿಗೆ ಬದಲಾಗಲಿದೆ. ಯಾರೂ ಗಾಬರಿಪಡಬೇಕಾಗಿಲ್ಲ. ಇಂತಿ, ಮಿಲೂದ್, ಪಾಲಕ."

ಕಾಸಾಬ್ಲಾಂಕಾದ ದರ್ಬ್ ಗಲ್ಲೆಫ್ ಮಾರುಕಟ್ಟೆಯಲ್ಲಿರುವ ತನ್ನ ಫೋನ್ ರಿಪೇರಿ ಅಂಗಡಿಯ ಶಟರಿಗೆ ಮಿಲೂದ್ ಈ ಪ್ರಕಟಣೆ ಅಂಟಿಸಿದ ದಿನ ಗಾಬರಿಪಟ್ಟವರು ಯಾರೂ ಇರಲಿಲ್ಲ. ಓದಿದವನೇ ಒಬ್ಬ, ಎದುರು ಅಂಗಡಿಯಲ್ಲಿ ಹೊಚ್ಚ ಹೊಸ ಫೋನುಗಳನ್ನು ಮಾರುವ ಅಲ್ಲಾಲ್. ಹೆಸರಿನ ಹಿಂದೆ ಮರ್ಯಾದೆಯ 'ಸೀ' ಸೇರಿಸಿಯೇ ಅವನು ಕೇಳಿದ.

"ಸೀ ಮಿಲೂದ್, ಆ ಫೋನ್ ಇಟ್ಕೊಂಡೋರು ಊರಲ್ಲಿ ಯಾರಿದ್ದಾರೆ ಗಾಬರಿ ಆಗೋಕೆ?"

"ನಾನಿಲ್ವಾ?"

"ನೀನೇ ಬರ್ದು ನೀನೇ ಗಾಬರಿ ಆಗಲ್ಲ ಅಂದ್ರೆ ಸರಿಹೋಯ್ತು ಬಿಡು."

ಪಾಲಕ ಎಂದರೆ ಇಲ್ಲಿ ಶಾಲೆಯ ಸಭೆಗೆ ಹೋಗಿ ಮಗನ ಅಂಕಪಟ್ಟಿಗೆ ಸಹಿ ಹಾಕುವವನಲ್ಲ. 'ನಹ್ಲಾ' ಎಂಬ ಓಪನ್ ಸೋರ್ಸ್ ತಂತ್ರಾಂಶವಿದೆ. ಫೋನನ್ನು ನಡೆಸುವ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಮೊರಾಕ್ಕೊದಿಂದ ಈಜಿಪ್ಟಿನವರೆಗೆ ಹರಡಿಕೊಂಡ ಒಂದಷ್ಟು ಜನ ಸಂಬಳವಿಲ್ಲದೆ, ಹೆಂಡತಿಯ ಬೈಗುಳವನ್ನೇ ಭತ್ಯೆಯೆಂದು ತಿಳಿದು ಅದನ್ನು ಕಟ್ಟುತ್ತಾರೆ. ಒಂದೊಂದು ಮಾದರಿಯ ಫೋನಿಗೂ ಒಬ್ಬೊಬ್ಬ ಪಾಲಕ. ಹೊಸ ಆವೃತ್ತಿ ಬಂದಾಗಲೆಲ್ಲ ಅದು ತನ್ನ ಫೋನಿನಲ್ಲಿ ಓಡುವಂತೆ, ಓಡದಿದ್ದರೆ ಕುಂಟುವಂತೆಯಾದರೂ ಮಾಡುವುದು ಅವನ ಹೊಣೆ.

ಗಜಾಲ್-4ನ್ನು ತಯಾರಿಸಿದ ಕಂಪನಿ ಮುಚ್ಚಿ ಹತ್ತು ವರ್ಷವಾಗಿತ್ತು. ಎಂಟು ವರ್ಷಗಳಿಂದ ಅದರ ಪಾಲಕ ಮಿಲೂದ್. ನಹ್ಲಾದ ಜಾಲತಾಣದಲ್ಲಿ ಆ ಫೋನಿಗೊಂದು ಪುಟವಿತ್ತು, ಪುಟದ ಕೆಳಗೆ ಅವನ ಹೆಸರಿತ್ತು. ಕರೆಂಟ್ ಬಿಲ್ ಬಿಟ್ಟರೆ ಅವನ ಹೆಸರು ಅಚ್ಚಾಗಿದ್ದ ಜಾಗ ಅದೊಂದೇ. ದಿನಕ್ಕೊಮ್ಮೆ ಆ ಪುಟ ತೆರೆದು, ಹೆಸರು ಇನ್ನೂ ಅಲ್ಲೇ ಇದೆಯೆಂದು ಖಚಿತಪಡಿಸಿಕೊಂಡ ಮೇಲೇ ಅವನು ಸ್ಕ್ರೂಡ್ರೈವರ್ ಮುಟ್ಟುತ್ತಿದ್ದ.

ಆ ಹೆಸರಿಗೇ ಕುತ್ತು ಬಂತು. ಏಳನೇ ಆವೃತ್ತಿಯ ಬಿಡುಗಡೆ ನೋಡಿಕೊಳ್ಳುತ್ತಿದ್ದ ತೂನಿಸ್‌ನ ವಿದಾದ್ ಎಲ್ಲ ಪಾಲಕರಿಗೂ ಪತ್ರ ಬರೆದಳು. ಬಳಸುವವರಿಲ್ಲದ ಫೋನುಗಳನ್ನು ಪಟ್ಟಿಯಿಂದ ತೆಗೆಯಲಾಗುತ್ತದೆ. ಉಳಿಯಬೇಕಾದರೆ ನಾಲ್ಕು ಫೋನುಗಳಲ್ಲಿ ನಾಲ್ಕು ಜನ ಪ್ರಯೋಗದ ಆವೃತ್ತಿಯನ್ನು ಒಂದು ಪೂರ್ತಿ ವಾರ ಬಳಸಬೇಕು. ದಿನಕ್ಕೊಂದು ಕರೆ, ಒಂದು ಫೋಟೊ, ಒಂದು ಅಲಾರಂ. ಕೊನೆಯಲ್ಲಿ ಆ ಫೋನಿನಿಂದಲೇ ವರದಿ ಒತ್ತಬೇಕು. ರಂಜಾನ್ ಹಬ್ಬ ಮುಗಿದ ಮೇಲಿನ ಗುರುವಾರ ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತದೆ.

ಮಿಲೂದ್ ಲೆಕ್ಕ ಹಾಕಿದ. ತಾನೊಬ್ಬ. ಉಜ್ದಾದಲ್ಲಿ ಇನ್ನೊಬ್ಬ ಬಳಕೆದಾರನಿದ್ದ, ಆದರೆ ಅವನ ಫೋನ್ ಹೋದ ಬೇಸಿಗೆಯಲ್ಲಿ ಬಾವಿಗೆ ಬಿದ್ದಿತ್ತು. ಆದ್ದರಿಂದ ಮೂವರನ್ನು ಹುಟ್ಟಿಸಬೇಕಿತ್ತು. ಹಳೇ ಡಬ್ಬಿ ಕೆದಕಿ ಮೂರು ಗಜಾಲ್-4 ಎತ್ತಿ, ಒಂದರ ಕಣ್ಣು ಇನ್ನೊಂದಕ್ಕೆ, ಇನ್ನೊಂದರ ಕಿವಿ ಮತ್ತೊಂದಕ್ಕೆ ಜೋಡಿಸಿ ಜೀವ ಬರಿಸಿದ.

ರಂಜಾನಿನ ಕೊನೆಯ ಗುರುವಾರ, ಸಂಜೆ ನಾಲ್ಕಾಗುತ್ತ ಬಂದಿತ್ತು. ಉಪವಾಸ ಬಿಡಲು ಇನ್ನೂ ಎರಡೂವರೆ ಗಂಟೆ ಇರುವ ಆ ಹೊತ್ತನ್ನು ಮಿಲೂದ್ ಬೇಕೆಂದೇ ಆರಿಸಿಕೊಂಡಿದ್ದ. ಆಗ ಯಾರಿಗೂ ವಾದ ಮಾಡುವ ತ್ರಾಣ ಇರುವುದಿಲ್ಲ. ಮೀನು ಮಾರುವ ಕಬ್ಬೂರ್, ಕ್ಷೌರಿಕ ಮಾತಿ, ಊರೆಲ್ಲ ಗೌರವದಿಂದ 'ಲಲ್ಲಾ' ಎಂದು ಕರೆಯುವ ಮಿಲೂದನ ಅತ್ತಿಗೆ ತಾಮೂ, ಮೂವರೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಮಾತಿ ಹೆಸರಿಗೆ ತಕ್ಕ ಹಾಗೆ ಮಾತಿನವನು. ಆದರೆ ಆ ಹೊತ್ತಿನಲ್ಲಿ ಅವನೂ ಒಣಗಿದ ಖರ್ಜೂರದಂತೆ ಸುಮ್ಮನಿದ್ದ.

"ಒಂದೇ ವಾರ, ಖೂಯಾ, ನನ್ನ ತಮ್ಮ ಅಲ್ವಾ. ನಿನ್ನ ಫೋನ್ ಪಕ್ಕಕ್ಕಿಟ್ಟು ಇದನ್ನೇ ಬಳಸ್ಬೇಕು," ಎಂದ ಮಿಲೂದ್.

"ಇದು ಫೋನಾ? ತಕ್ಕಡೀಲಿಟ್ರೆ ಅರ್ಧ ಕಿಲೋ ತೂಗುತ್ತಲ್ಲ," ಎಂದ ಕಬ್ಬೂರ್.

"ಹೌದು ಅಂದ್ಬಿಡು ಮಾರಾಯ," ಎಂದ ಮಾತಿ ಕಣ್ಣು ಮುಚ್ಚಿಕೊಂಡೇ. "ಹೌದು ಅಂದ್ರೆ ಮನೆಗೆ ಹೋಗ್ಬೋದು."

ತಾಮೂ ಒಂದೇ ಷರತ್ತು ಹಾಕಿದಳು. "ಕೆಟ್ಟೋಗಿದ್ರೆ ನಿನ್ನ ಸಲುವಾಗಿ ಸುಳ್ಳು ಹೇಳಲ್ಲ. ಚೆನ್ನಾಗಿದ್ರೂ ಹೇಳಲ್ಲ."

ಸರಿಯಾಗಿ ನಾಲ್ಕು ಹೊಡೆಯುತ್ತಿದ್ದಂತೆ ನಾಲ್ಕೂ ಫೋನುಗಳನ್ನು ಒಟ್ಟಿಗೆ ಚಾಲೂ ಮಾಡಲಾಯಿತು.

ಆ ವಾರ ನಡೆದದ್ದನ್ನು ನೆನೆದರೆ ಮಾರುಕಟ್ಟೆ ಇನ್ನೂ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಬ್ಯಾಟರಿಯಿಂದ ಉಳಿದ ಹಸಿರೆಲ್ಲ ಕ್ಯಾಮೆರಾಕ್ಕೆ ಸೋರಿತ್ತೋ ಏನೋ, ಕಬ್ಬೂರ್ ಗಿರಾಕಿಗಳ ಗುಂಪಿಗೆ ಕಳಿಸಿದ ಮೀನುಗಳೆಲ್ಲ ಎಲೆಹಸಿರು. "ಮೀನು ಬಿಟ್ಟು ಸೊಪ್ಪಿನ ವ್ಯಾಪಾರ ಯಾವಾಗಿಂದ?" ಎಂದು ಒಬ್ಬಳು ಕೇಳಿದರೆ, ಇನ್ನೊಬ್ಬಳು ಎರಡು ಕಟ್ಟು ಕೊಡು ಎಂದಳು. ಮಾತಿ ಹಬ್ಬದ ದಿನ ಭಾವಿ ಮಾವನಿಗೆ ಕಳಿಸಿದ ಒಂದು ಶುಭಾಶಯ ನಲವತ್ತೊಂದು ಸಲ ಹೋಯಿತು. ಮೊದಲ ಹತ್ತಕ್ಕೆ ಮಾವ ಪ್ರತಿ ಹಾರೈಸಿದರು, ಇಪ್ಪತ್ತನೆಯದಕ್ಕೆ ಆರೋಗ್ಯ ವಿಚಾರಿಸಿದರು, ನಲವತ್ತಕ್ಕೆ ಮದುವೆಯ ದಿನಾಂಕವನ್ನು ಮತ್ತೊಮ್ಮೆ ಯೋಚಿಸೋಣ ಎಂದರು. ತಾಮೂಳ ಅಲಾರಂ ಒಮ್ಮೆ ಹೊಡೆಯತೊಡಗಿದರೆ ನಿಲ್ಲುತ್ತಿರಲಿಲ್ಲ. ಅವಳು ಫೋನನ್ನು ರವೆ ಡಬ್ಬಿಯೊಳಗೆ ಹೂತು ಅಡುಗೆ ಮುಂದುವರಿಸುತ್ತಿದ್ದಳು.

ಆದರೂ ಯಾರೂ ಕೈಬಿಡಲಿಲ್ಲ. ಬೆಳಿಗ್ಗೆ ಸಂಜೆ ಮಿಲೂದ್ ಮನೆಮನೆಗೆ ಹೋಗಿ, ಲಸಿಕೆ ಹಾಕುವ ನರ್ಸಿನಂತೆ ವಿಚಾರಿಸಿಕೊಳ್ಳುತ್ತಿದ್ದ. "ಇವತ್ತಿನ ಫೋಟೊ ಆಯ್ತಾ? ಕರೆ ಆಯ್ತಾ?"

ಮುಂದಿನ ಗುರುವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ನಾಲ್ವರೂ ಅದೇ ಬೆಂಚಿನ ಮೇಲೆ ಸೇರಿದರು. ಈ ಸಲ ಹೊಟ್ಟೆ ತುಂಬಿತ್ತು, ಕೈಯಲ್ಲಿ ಪುದೀನ ಚಹಾ ಇತ್ತು. ಅಲ್ಲಾಲ್ ಕೂಡ ನೋಡಲು ಬಂದು ನಿಂತಿದ್ದ. ಮಿಲೂದ್ ಗಂಟಲು ಸರಿಮಾಡಿಕೊಂಡ. "ನಾಲ್ಕು ಹೊಡೀತಿದ್ದ ಹಾಗೆ ವರದಿ ಒತ್ತಿ. ತಡ ಮಾಡೋದು ಬೇಡ. ಗಜಾಲ್ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ."

"ನಾಲ್ಕೆಲ್ಲಿ? ಇನ್ನೂ ಮೂರು," ಎಂದಳು ತಾಮೂ ಕೈಗಡಿಯಾರ ನೋಡಿ.

ಎಲ್ಲರೂ ನಕ್ಕರು. ರಂಜಾನಿಗೆಂದು ಒಂದು ಗಂಟೆ ಹಿಂದಿಟ್ಟ ಗಡಿಯಾರವನ್ನು ಹಬ್ಬ ಮುಗಿದ ಭಾನುವಾರ ಸರ್ಕಾರ ಮತ್ತೆ ಮುಂದಿಟ್ಟಿತ್ತು. ಫೋನುಗಳೆಲ್ಲ ತಾವಾಗಿಯೇ ತಿದ್ದಿಕೊಂಡಿದ್ದವು. ತಾಮೂ ಮಾತ್ರ ವರ್ಷವಿಡೀ ಹಳೇ ಗಂಟೆಯ ಪಕ್ಷ.

"ಅತ್ತಿಗೆ, ಫೋನ್ ನೋಡಿ. ನಾಲ್ಕು ಅಂತಿದೆ."

"ನೀನು ಮಾಡಿದ ಫೋನು ಹೇಳ್ತು ಅಂತ ನಂಬ್ಲಾ? ಮೀನಿಗೆ ಹಸಿರು ಬಳಿದಿದ್ದು ಇದೇ ತಾನೆ?" ಎಂದು ಎದ್ದಳು. "ಒಲೆ ಮೇಲೆ ಕಾಳು ಇಟ್ಟು ಬಂದಿದೀನಿ. ನನ್ನ ನಾಲ್ಕು ಆದಾಗ ನಾನು ಒತ್ತೀನಿ."

ಅವಳು ಹೋದಳು. ಉಳಿದ ಮೂವರು ಬಿಸ್ಮಿಲ್ಲಾ ಎಂದು ಒಟ್ಟಿಗೆ ಒತ್ತಿದರು. ಅಲ್ಲಾಲ್ ಕೂಡ ಮನಸ್ಸಿಲ್ಲದ ಮನಸ್ಸಿನಿಂದ ಕೈ ಕುಲುಕಿದ. ಐದು ದಾಟಿದ ಮೇಲೆ ತಾಮೂಳ ವರದಿಯೂ ಹೋಯಿತೆಂದು ತಿಳಿದಾಗ ಮಿಲೂದ್ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ತರಿಸಿದ.

ಮರುದಿನ ಪಟ್ಟಿ ಬಂತು. ಮೊದಲು ಓದಿದವನು ಅಲ್ಲಾಲ್, ಅದೂ ಗಟ್ಟಿಯಾಗಿ. "ಗಜಾಲ್-4. ಸಿಂಧುವಾದ ವರದಿ ಒಂದು. ಬಳಕೆದಾರರು: ತಾಮೂ. ಪಟ್ಟಿಯಿಂದ ತೆಗೆಯಲಾಗಿದೆ."

ಮಿಲೂದ್ ತೂನಿಸ್‌ಗೆ ಕರೆ ಮಾಡಿದ.

"ಗುರುವಾರ ನಾಲ್ಕರಿಂದ ಗುರುವಾರ ನಾಲ್ಕರವರೆಗೆ. ವಾರ ಆಗಲ್ವಾ, ಲಲ್ಲಾ ವಿದಾದ್?"

"ದಿನ ಏಳೇ, ಸೀ ಮಿಲೂದ್. ಯಂತ್ರ ಎಣಿಸೋದು ಗಂಟೆ. ನೂರ ಅರವತ್ತೆಂಟು ಬೇಕು. ನಿಮ್ಮ ಮೂರೂ ಫೋನು ನೂರ ಅರವತ್ತೇಳು. ನಿಮ್ಮೂರಲ್ಲಿ ಭಾನುವಾರಕ್ಕೆ ಇಪ್ಪತ್ಮೂರೇ ಗಂಟೆ ಇತ್ತು."

"ಆ ಗಂಟೆ ನಾವು ತಿಂದಿಲ್ಲ. ಸರ್ಕಾರ ತಗೊಂಡಿದ್ದು."

"ನಂಗೊತ್ತು. ಯಂತ್ರಕ್ಕೆ ಸರ್ಕಾರದ ಪರಿಚಯ ಇಲ್ವಲ್ಲ."

"ಹಂಗಾದ್ರೆ ಈಗ್ಲೇ ಇನ್ನೊಂದ್ಸಲ ಒತ್ತಿಸ್ತೀನಿ. ಮೂರೂ ಫೋನು ಇನ್ನೂ ಆನ್ ಇವೆ. ನೀವು ಒಂದೇ ಒಂದು ನಿಮಿಷ ಪಟ್ಟಿ ತೆರೀರಿ."

ಆ ಕಡೆ ವಿದಾದ್ ಯಾವುದೋ ಕಡತ ತೆಗೆದಳು. ಕಾಗದ ಮಗುಚುವ ಸದ್ದು ಕೇಳಿಸಿತು.

"ಪಟ್ಟಿ ಬೇಕಾದ್ರೆ ತೆರೀಬೋದು, ಸೀ ಮಿಲೂದ್. ಆದ್ರೆ ಒಂದು ಫೋನಿಂದ ಒಂದೇ ವರದಿ, ತಪ್ಪಾದ್ರೂ ತಿದ್ದೋ ಹಾಗಿಲ್ಲ. ನಿಯಮ ಹದಿನಾಲ್ಕು. ಹೋದ ವರ್ಷದ ಸಭೇಲಿ ಅದನ್ನ ಸೂಚಿಸಿದ್ದು, ಇಲ್ಲಿ ಬರ್ದಿದೆ ನೋಡಿ, ಗಜಾಲ್-4ರ ಪಾಲಕರು."