ಚಹಾಕ್ಕಿಂತ ಮುಂಚಿನ ಎಂಜಲು

ಪರೀಕ್ಷೆಗೆ ಬಂದ ಜೊಲ್ಲಿನ ಟ್ಯೂಬಿನ ತಳದಲ್ಲಿ ಅಡಿಕೆಯ ಚೂರು ಕಂಡು ಸುಹಾಸಿನಿ ಮೇಡಂ ನನ್ನತ್ತ ನೋಡಿದರು. ಟ್ಯೂಬಿನ ಮೇಲೆ ಇದ್ದದ್ದು ತುಳಸಾಬಾಯಿಯ ಹೆಸರು. ಅವರು ಅಡಿಕೆ ಮುಟ್ಟುವವರಲ್ಲ. ಹಗಲೆಲ್ಲ ಜಗಿಯುವವರು ಅವರ ಯಜಮಾನರು, ಜಯತೀರ್ಥರು.

ನಾಳೆ ಸರಿಯಾದದ್ದು ಬರದಿದ್ದರೆ ಅಧ್ಯಯನದಿಂದ ಅವರ ಹೆಸರು ತೆಗೆಯಬೇಕಾಗುತ್ತದೆ ಎಂದು ಮೇಡಂ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಗಚ್ಚಿಬೌಲಿಯ ನಮ್ಮ ಪ್ರಯೋಗಾಲಯದಲ್ಲಿ ನಡೆಯುತ್ತಿರುವುದು ಅಲ್ಝೈಮರ್ ಕಾಯಿಲೆಯ ಅಧ್ಯಯನ; ನಡೆಸುವವರು ಮೇಡಂ, ಮಾದರಿಗಳ ಹೊಣೆ ನನ್ನದು. ಹೆಸರು ಹೋದರೆ ತಿಂಗಳಿಗೊಮ್ಮೆ ಡಾಕ್ಟರು ತುಳಸಾಬಾಯಿಯನ್ನು ಕೂರಿಸಿಕೊಂಡು ಮಾತಾಡಿಸುವುದೂ ಹೋಗುತ್ತದೆ. ಆ ದಿನಕ್ಕಾಗಿ ಜಯತೀರ್ಥರು ಇಸ್ತ್ರಿ ಮಾಡಿದ ಅಂಗಿ ಎತ್ತಿಡುತ್ತಾರೆ.

ಮರುದಿನ ಬೆಳಕು ಹರಿಯುವಾಗಲೇ ಐಸ್ ಡಬ್ಬಿ ಹಿಡಿದು ಸನತ್‌ನಗರದ ನನ್ನ ಮನೆಯಿಂದ ಸಿಕಂದರಾಬಾದಿನ ಅವರ ಮನೆಗೆ ಹೋದೆ. ಎದ್ದ ಮೇಲೆ ಚಹಾ ಕುಡಿಯುವ ಮೊದಲೇ ಜೊಲ್ಲು ಹಿಡಿಯಬೇಕು. ಅಡಿಕೆಯ ಮಾತು ಹೇಗೆ ತೆಗೆಯುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಗಿಲು ತೆರೆದವರೇ ಜಯತೀರ್ಥರು, "ಸಿಕ್ಕಿಬಿದ್ದೆನೇನವಾ?" ಎಂದರು. "ನಂದ ಅದು. ಆಕಿ ಒಲ್ಲೆ ಅಂದ್ಲು. ಖಾಲಿ ಟ್ಯೂಬ್ ಹೆಂಗ ಕಳಸಲಿ? ಗಂಡ ಹೆಂಡತಿ ಒಂದೇ ಅಂತಾರಲ್ಲ."

ನಗು ತಡೆದುಕೊಂಡೆ.

"ರಕ್ತಾನ ತಗೋರಿ. ಅದಕ್ಕ ಆಕಿ ಏನೂ ಅನ್ನಂಗಿಲ್ಲ."

"ರಕ್ತಾನೂ ತಗೊಂಡೀವ್ರಿ. ಮನಸ್ಸಿಗೆ ಒತ್ತಡ ಆದಾಗ ಕಾರ್ಟಿಸೋಲ್ ಅನ್ನೋದು ಹೆಚ್ಚಾಕೈತ್ರಿ. ರಕ್ತದಾಗ ಅದರ ಹೆಚ್ಚಿನ ಪಾಲು ಒಂದು ಪ್ರೋಟೀನಿಗೆ ಅಂಟಿಕೊಂಡಿರ್ತೈತಿ. ಅಂಟಿಕೊಂಡದ್ದು ಕೆಲಸ ಮಾಡಂಗಿಲ್ಲ. ಬಿಡಿಯಾಗಿ ತಿರುಗೋದು ಮೆದುಳಿಗೆ ಹೋಗತೈತಿ. ಜೊಲ್ಲಿಗೆ ಬರೋದೂ ಅದೇ. ಈ ಕಾಯಿಲೆಯಾಗ ಆ ಎರಡರ ಲೆಕ್ಕ ಏರುಪೇರು ಆಗತೈತೇನು ಅಂತ ನೋಡಾಕತ್ತೀವ್ರಿ."

"ನಮ್ಮ ಆಫೀಸಿನ ಹಂಗ," ಎಂದರು ಅವರು. "ಖುರ್ಚಿಗೆ ಅಂಟಿಕೊಂಡವರು ಕೆಲಸ ಮಾಡ್ತಿದ್ದಿಲ್ಲ."

ತುಳಸಾಬಾಯಿ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ಟ್ಯೂಬ್ ಕಂಡೊಡನೆ ಸೆರಗು ಬಾಯಿಗೆ ಅಡ್ಡ ಬಂತು.

"ಎಂಜಲ ಇನ್ನೊಬ್ಬರ ಕೈಯಾಗ ಇಡತಾರೇನು? ಅದನ್ನ ಹಾಲು ಮೊಸರು ಇಡೋ ಫ್ರಿಜ್ಜಿನ್ಯಾಗ ಬ್ಯಾರೆ ಇಡಬೇಕಂತ."

"ಇವತ್ತ ಐಸ್ ಡಬ್ಬಿ ತಂದೀನ್ರಿ ಅಮ್ಮಾ."

"ನೀ ಯಾರ ಮುಂದರೆ ಉಗುಳೀಯೇನು?"

ಇಲ್ಲ. ಜನರ ಮುಂದೆ ಊಟ ಮಾಡಲಿಕ್ಕೂ ಸಂಕೋಚಪಡುವವಳು ನಾನು. ಆದರೂ ಇನ್ನೊಂದು ಟ್ಯೂಬ್ ತೆಗೆದು, ಗೋಡೆಯತ್ತ ತಿರುಗಿ, ತುಟಿಗೆ ಹಿಡಿದೆ. ಒಂದು ಹನಿಯೂ ಬರಲಿಲ್ಲ. ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ಬೆನ್ನ ಹಿಂದೆ ತುಳಸಾಬಾಯಿ ನಗತೊಡಗಿದರು.

"ನಾಚಿಕಿಗೆ ಬಾಯಿ ಒಣಗೇದ ನೋಡು ಹುಡುಗೀದು. ಚಿಗಳಿ ನೆನಸಿಕೋ."

"ತಿಂದಿಲ್ರಿ ನಾ."

"ತಿಂದಿಲ್ಲಾ?" ಅವರು ಎದ್ದು ಹತ್ತಿರ ಬಂದರು. "ಹೊಸಾ ಹುಣಸೀಹಣ್ಣು ಬೇಕು, ಬೀಜ ತಗದದ್ದು. ಉಪ್ಪು, ಬೆಲ್ಲ, ಜೀರಿಗಿ, ಒಣಾ ಮೆಣಸಿನಕಾಯಿ. ಕಲ್ಲಾಗ ಕುಟ್ಟಬೇಕು, ಮಿಕ್ಸಿ ಅಲ್ಲ. ಕುಟ್ಟಿ ಕುಟ್ಟಿ ಕರ್ರಗ ಆಗಬೇಕು. ಆಮ್ಯಾಲೆ ಉಂಡಿ ಮಾಡಿ, ಕಡ್ಡಿಗೆ ಚುಚ್ಚಿ…" ಅವರು ಗುಟುಕು ನುಂಗಿದರು. "ನನ್ನ ಬಾಯಾಗ ನೀರು ಬಂತಲ್ಲೇ."

ವಾರದ ಹೆಸರು ತಪ್ಪುವ ಅವರಿಗೆ ಚಿಗಳಿಯ ಒಂದು ಸಾಮಾನೂ ತಪ್ಪಿರಲಿಲ್ಲ. ನನ್ನ ಬಾಯಲ್ಲೂ ನೀರು ಬಂದಿತ್ತು. ನಾಚಿಕೆ ಮರೆತು ಟ್ಯೂಬಿಗೆ ಬಿಟ್ಟೆ. ಅವರ ಹೆಸರಿನ ಟ್ಯೂಬನ್ನು ಕಟ್ಟೆಯ ಮೇಲೆ ಇಟ್ಟು ಕೈ ಹಿಂದೆ ತೆಗೆದುಕೊಂಡೆ. ಅದನ್ನು ಅವರೇ ಎತ್ತಿಕೊಂಡು, ನನ್ನ ಹಾಗೆಯೇ ಗೋಡೆಯತ್ತ ತಿರುಗಿದರು.

ಮುಚ್ಚಳ ಬಿಗಿದು ನನಗೆ ಕೊಡಲು ಬಂದವರು ಅರ್ಧದಲ್ಲೇ ನಿಂತರು. ನಾನು ಡಬ್ಬಿ ತೆರೆದೆ. ಅವರೇ ಐಸಿನ ನಡುವೆ ಅದನ್ನು ನಿಲ್ಲಿಸಿದರು. ಕೈಯಿಂದ ಕೈಗೆ ಹೋಗಲಿಲ್ಲ.

"ಕೈ ತೊಳಕೋ," ಎಂದು ನನ್ನನ್ನು ನಲ್ಲಿಯ ಕಡೆ ದೂಡಿ ತಾವೂ ತೊಳೆದುಕೊಂಡರು.

ಜಯತೀರ್ಥರು ಚಹಾ ಸೋಸುತ್ತ ನನಗಷ್ಟೇ ಕೇಳುವಂತೆ, "ನಾಳೆ ಇದೆಲ್ಲಾ ಆಕಿಗೆ ನೆನಪಿರಂಗಿಲ್ಲ. ಮುಂದಿನ ಟ್ಯೂಬಿಗೆ ಮತ್ತ ಮೊದಲಿಂದ ಶುರು," ಎಂದರು.

"ಆಗಲಿ ಬಿಡ್ರಿ," ಎಂದೆ. "ಅಮ್ಮಾರು ಚಿಗಳಿ ಮಾಡೋದು ಇನ್ನೊಮ್ಮೆ ಹೇಳ್ತಾರ."

ತುಳಸಾಬಾಯಿ ಮೊದಲ ಲೋಟವನ್ನು ನನ್ನ ಮುಂದೆ ಸರಿಸಿ, ಎರಡನೆಯದನ್ನು ತಾವು ಊದಿಕೊಂಡು ಕುಡಿಯತೊಡಗಿದರು.