ಕಡಲ ಮುಂದಿನ ಜಾಗ

ಮೈರಿಗ್‌ಗೆ ಕಡಲೆಂದರೆ ಪ್ರಾಣ. ಅದಕ್ಕೆ ಕಾಲು ತಾಗಿಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಕಾರನ್ನು ದಂಡೆಯ ರಸ್ತೆಯ ಮುಂದಿನ ಸಾಲಿನಲ್ಲಿ, ಮೂತಿ ಕಡಲಿಗೆ ಮಾಡಿ ನಿಲ್ಲಿಸಬೇಕು. ಗಾಜು ಏರಿಸಿಕೊಂಡು ಒಳಗೇ ಕೂತು, ಫ್ಲಾಸ್ಕಿನ ಚಹಾ ಕುಡಿಯುತ್ತ, ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತ ಮಳೆ ನೋಡಬೇಕು. ಸಂಜೆ ಮನೆಗೆ ಬಂದು ಒಳ್ಳೇ ಗಾಳಿ ಸಿಕ್ಕಿತು ಎನ್ನಬೇಕು. ವೇಲ್ಸ್‌ನ ಆ ಕರಾವಳಿಯಲ್ಲಿ ಇದಕ್ಕೇ ರಜೆ ಎನ್ನುತ್ತಾರೆ, ಏನು ಮಾಡುವುದು.

ಅವನ ಹೆಂಡತಿ ಎಲಿನೆಡ್‌ಗೆ ಇದ್ದದ್ದು ಒಂದೇ ಆಸೆ. ಊರಾಚೆಯ ಬೆಟ್ಟ ಹತ್ತುವ ಪುಟ್ಟ ಉಗಿಬಂಡಿಯಲ್ಲಿ ಗಂಡನ ಪಕ್ಕ ಕೂತು ಒಮ್ಮೆ ತುದಿಗೆ ಹೋಗಿಬರಬೇಕು. ಮದುವೆಯಾದ ವರ್ಷ ಅವನೇ ಕೊಟ್ಟ ಮಾತು. ಆಮೇಲೆ ಪ್ರತಿ ಬೇಸಿಗೆಯೂ ಅವನದು ಅದೇ ರಾಗ: ಮುಂದಿನ ಸಾಲಲ್ಲಿ ಜಾಗ ಸಿಗದಿದ್ದರೆ ಬಂಡಿಗೇ ಹೋಗೋಣ. ಹಾಳಾದ್ದು, ಪ್ರತಿ ಬೇಸಿಗೆಯೂ ಜಾಗ ಸಿಗುತ್ತಿತ್ತು.

ಈ ಸಲ ಅವಳು ಉಪಾಯ ಹೂಡಿದಳು. ಬೆಳಿಗ್ಗೆ ಮೊಟ್ಟೆ ಬೇಯಿಸಿದ್ದೇ ಬೇಯಿಸಿದ್ದು. ಮೊಮ್ಮಗಳು ಮಾಬ್ಲಿಯ ಜಡೆ ಹೆಣೆದಳು, ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಹೆಣೆದಳು. ಕಾರು ಹೊರಟ ಮೇಲೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗಂಡನಿಂದ ವಾಪಸು ತಿರುಗಿಸುವಂತೆ ಮಾಡಿದಳು. ಮೈರಿಗ್ ಹಲ್ಲು ಕಡಿಯುತ್ತ ಓಡಿಸಿದ. ದಂಡೆಗೆ ಬಂದು ನೋಡಿದರೆ ಮುಂದಿನ ಸಾಲು ಭರ್ತಿ. ಎಲಿನೆಡ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಯಾವನೋ ಪಾಪಿ ಕಾರು ಹಿಂದಕ್ಕೆ ತೆಗೆದು ಹೊರಟ. ಆ ಜಾಗಕ್ಕೆ ಮೈರಿಗ್ ಹದ್ದಿನ ಹಾಗೆ ಎರಗಿದ.

"ದೇವ್ರು ದೊಡ್ಡೋನು ಕಣೇ," ಎಂದ.

"ಅವನಿಗೂ ಬೇರೆ ಕೆಲ್ಸ ಇಲ್ಲ," ಎಂದಳು ಎಲಿನೆಡ್.

ಕಡಲು ಕಾಣಬೇಕಾದರೆ ವೈಪರ್ ಆಡುತ್ತಲೇ ಇರಬೇಕಲ್ಲ, ಅದಕ್ಕೆ ಕೀಲಿಯನ್ನು ಕಾರಿನಲ್ಲೇ ಬಿಟ್ಟು ಅವನು ಮೀನು-ಚಿಪ್ಸ್ ತರಲು ಹೋದ. ಅದಕ್ಕೆ ಹದವಾಗಿ ವಿನೆಗರ್ ಹಾಕಿಸುವುದು ಹೆಂಗಸರಿಗೆ ಒಲಿಯದ ವಿದ್ಯೆ ಎಂದು ಅವನ ನಂಬಿಕೆ. ಎಲಿನೆಡ್ ಅವನ ಬೆನ್ನನ್ನೇ ನೋಡಿದಳು. ಮೆಲ್ಲಗೆ ಸರಿದು ಸ್ಟೇರಿಂಗ್ ಮುಂದೆ ಕೂತಳು. ಮಣ್ಣು ಮುಗಿಸಿ ಎಲ್ಲರೂ ಕುಡಿಯುವ ಸಾವಿನ ಮನೆಗಳಲ್ಲಿ ಅವನು ವಾಲಿದಾಗಲೆಲ್ಲ ಕಾರು ಮನೆಗೆ ತಂದವಳು ಅವಳೇ. ಕಾರನ್ನು ಹಿಂದಕ್ಕೆ ತೆಗೆದು ಉಗಿಬಂಡಿಯ ದಾರಿಗೆ ತಿರುಗಿಸಿದಳು.

"ತಾತ ಬರಲ್ವಾ ಅಜ್ಜಿ?" ಎಂದಳು ಹಿಂದಿನಿಂದ ಮಾಬ್ಲಿ.

"ಓಡಿ ಬಂದ್ರೆ ಹತ್ತಿಸ್ಕೊಳ್ಳೋಣ ಪುಟ್ಟಿ. ಅದಕ್ಕೇ ನಿಧಾನಕ್ಕೆ ಹೋಗ್ತೀನಿ."

ಹೇಳಿದ ಹಾಗೇ ಕಾರನ್ನು ತೆವಳಿಸಿದಳು. ಮೈರಿಗ್ ಅಂಗಡಿಯಿಂದ ಹೊರಬಂದದ್ದು ಕನ್ನಡಿಯಲ್ಲಿ ಕಂಡಿತು. ಪೊಟ್ಟಣಗಳನ್ನು ಎದೆಗವಚಿಕೊಂಡು ಓಡತೊಡಗಿದ. ಈ ವಯಸ್ಸಿನಲ್ಲೂ ನನಗಾಗಿ ಓಡುತ್ತಾನಲ್ಲ ಎಂದು ಅವಳ ಕರುಳು ಚುರ್ರೆಂದಿತು. ಕಾಲು ಬ್ರೇಕಿನ ಮೇಲೆ ಹೋಯಿತು.

ಓಡಿ ಬಂದವನು ಖಾಲಿ ಜಾಗದಲ್ಲಿ ಗಕ್ಕನೆ ನಿಂತ. ಬಿಳಿ ಗೆರೆಗಳ ನಡುವೆ ಕಾಲಗಲಿಸಿ, ಒಳನುಗ್ಗಲು ಬಂದ ಇನ್ನೊಂದು ಕಾರಿಗೆ ಮಳೆಯಲ್ಲೇ ಕೈ ಅಡ್ಡ ಹಿಡಿದ. ಹೆಂಡತಿ ಹೋದ ದಿಕ್ಕಿಗೆ ತಿರುಗಿಯೂ ನೋಡಲಿಲ್ಲ.

"ತಾತ ಅಲ್ಲೇ ನಿಂತ್ಬಿಟ್ರು," ಎಂದಳು ಮಾಬ್ಲಿ.

"ನಿಂತ್ಕೊಳ್ಳಲಿ ಬಿಡು. ಅವನಿಗೆ ಬೇಕಾದ ಜಾಗ ಅವನಿಗೆ ಸಿಕ್ತಲ್ಲ," ಎಂದು ಎಲಿನೆಡ್ ಬ್ರೇಕಿನಿಂದ ಕಾಲು ತೆಗೆದಳು.